ಮುಕ್ಕುಂದದ ಸುದ್ದಿ ಮೊದಲು ಬರೆದವರು

ಶನಿವಾರ ಬೆಳಿಗ್ಗೆ ಮೌಲಾಸಾಬ್ ಮಸ್ಕಿಯಲ್ಲಿ ಕಸ್ತೂರೆಮ್ಮನವರ ಮನೆಯ ಕಟ್ಟೆಯ ಮೇಲೆ ಕುಳಿತು ಚಹಾ ಆರಿಸಿಕೊಳ್ಳುತ್ತಿದ್ದ. ಬಸ್ ನಿಲ್ದಾಣದ ಕಡೆಯಿಂದ ಒಬ್ಬ ಹುಡುಗಿ ನೆಟ್ಟಗೆ ಬಂದು ಎದುರಿಗೆ ನಿಂತಳು. ಈ ಮನೆಗೆ ಹೀಗೆ ಅವಸರದಲ್ಲಿ ಬರುವವರು ಬೇರೆ ಎಲ್ಲ ಬಾಗಿಲು ತಟ್ಟಿ ಮುಗಿಸಿದವರು ಎಂಬುದು ಅವನಿಗೆ ರೂಢಿಯಿಂದ ಗೊತ್ತು. ಕೇಳುವ ಮೊದಲೇ ಜಾಗ ಬಿಟ್ಟು ಸರಿದು ಕುಳಿತ.

"ಅಮ್ಮಾರು ಅದಾರೇನ್ರಿ ಚಾಚಾ?"

"ಅದಾರವ್ವ. ಪೂಜಿ ಮುಗಿಸಿ ಪೇಪರ್ ಓದಾಕತ್ತಾರ. ಕುಂದ್ರು."

ಮೌಲಾಸಾಬ್ ಮಸ್ಕಿಯಲ್ಲಿ ಮೂವತ್ತನಾಲ್ಕು ವರ್ಷ ಅಂಚೆ ಹಂಚಿದವನು. ಅದರಲ್ಲಿ ಇಪ್ಪತ್ತೊಂದು ವರ್ಷ ಕಸ್ತೂರೆಮ್ಮ ಅವನ ಪೋಸ್ಟ್‌ಮಾಸ್ತರರು. ಅಳಿಸಿಹೋದ ವಿಳಾಸವಾಗಲಿ, ಹೆಸರಿಲ್ಲದ ಚಾಡಿಪತ್ರವಾಗಲಿ, ಗೊತ್ತಾಗಲಿಲ್ಲ ಎಂದು ಅವರು ಕೈಚೆಲ್ಲಿದ್ದನ್ನು ಅವನು ಕಂಡಿಲ್ಲ. ಇಬ್ಬರೂ ನಿವೃತ್ತರಾದ ಮೇಲೆ ಪತ್ರಗಳು ಬರುವುದು ನಿಂತಿತು, ಒಗಟುಗಳು ನಿಲ್ಲಲಿಲ್ಲ. ಲಿಂಗಸುಗೂರಿನಿಂದ ಸಿಂಧನೂರಿನವರೆಗೆ ಯಾರ ಮನೆಯಲ್ಲಿ ಗಂಟು ಬಿದ್ದರೂ ಜನ ಈ ಕಟ್ಟೆಗೆ ಬರುತ್ತಿದ್ದರು. ಕಸ್ತೂರೆಮ್ಮನವರ ಜೊತೆಗೆ ಬಸ್ಸು ಹತ್ತುವ ಭಾಗ್ಯ ಮಾತ್ರ ತನ್ನೊಬ್ಬನದು ಎಂದು ಮೌಲಾಸಾಬ್ ಒಳಗೊಳಗೇ ಬೀಗುತ್ತಿದ್ದ.

ಹುಡುಗಿಯ ಹೆಸರು ಅರ್ಜುಮಂದ್. ಸಿಂಧನೂರಿನ 'ಕಾಲುವೆ ವಾರ್ತೆ' ಎಂಬ ನಾಲ್ಕು ಪುಟದ ದಿನಪತ್ರಿಕೆಯ ವರದಿಗಾರ್ತಿ. ಕಸ್ತೂರೆಮ್ಮ ಹೊರಗೆ ಬಂದು ಕುಳಿತದ್ದೇ ಆಕೆ ಒಂದೇ ಉಸಿರಿಗೆ ಹೇಳಿದಳು:

"ಸುದ್ದಿ ನಂದು ಅಮ್ಮಾರ. ನಾನಾ ಹೋಗಿ, ನಾನಾ ನೋಡಿ ಬರದದ್ದು. ಈಗ ನಾನಾ ಕದ್ದಾಕಿ ಆಗೀನಿ."

ಉಳಿದದ್ದನ್ನು ಸಾವಕಾಶವಾಗಿ ಬಿಡಿಸಿ ಹೇಳಿದಳು. ಮುಕ್ಕುಂದದಲ್ಲಿ ಸರ್ದಾರಬಿ ಎಂಬ ರೈತ ಹೆಂಗಸು ಇದ್ದಾಳೆ. ಕಾಲುವೆ ನೀರು ಬಂದ ಮೇಲೆ ಊರಿಗೆ ಊರೇ ಅಂಗಡಿಯ ಬೀಜಕ್ಕೆ ತಿರುಗಿದರೂ ಆಕೆ ಮಾತ್ರ ಹಳೆಯ ಹದಿಮೂರು ಬಗೆಯ ಭತ್ತವನ್ನು ಪ್ರತಿ ವರ್ಷ ಒಂದೊಂದು ಮಡಿಯಲ್ಲಿ ಬಿತ್ತಿ, ಬೀಜ ಮಾಡಿ, ಬೂದಿ ಬೆರೆಸಿ ಗಡಿಗೆಗಳಲ್ಲಿ ಕಾಪಾಡಿಕೊಂಡು ಬಂದಿದ್ದಾಳೆ. ಅರ್ಜುಮಂದ್ ಎರಡು ತಿಂಗಳು ಬೆನ್ನು ಹತ್ತಿದ ಮೇಲೆ ಆಕೆ ಗಡಿಗೆಗಳ ಬಾಯಿ ಬಿಚ್ಚಿ ತೋರಿಸಿದಳು. ಸುದ್ದಿ ಗುರುವಾರದ ಪತ್ರಿಕೆಯಲ್ಲಿ ಬಂತು. ಅದೇ ದಿನ ಬೆಳಿಗ್ಗೆ ಎಂಟಕ್ಕೆ ಅರ್ಜುಮಂದ್ ಅದನ್ನು ಪತ್ರಿಕೆಯ ಜಾಲತಾಣಕ್ಕೂ ಹಾಕಿದಳು. ಸಂಜೆಯೊಳಗೆ ನಾಡೆಲ್ಲ ಓದಿತು. ಆದರೆ ಓದಿದ್ದು ಆಕೆಯ ಹೆಸರಿನಲ್ಲಲ್ಲ.

'ಸುದ್ದಿಸಂತೆ' ಎಂಬ ಮೊಬೈಲ್ ಆ್ಯಪ್ ಊರೂರಿನ ಸುದ್ದಿಗಳನ್ನು ಹೆಕ್ಕಿ ಒಂದು ಕಡೆ ತೋರಿಸುತ್ತದೆ. ಒಂದೇ ಸುದ್ದಿಯನ್ನು ಹತ್ತು ಕಡೆ ಬರೆದಿದ್ದರೆ, ಮೊದಲು ಬರೆದವರ ಹೆಸರು ಮೇಲೆ 'ಮೂಲ ವರದಿ' ಎಂದು ಬರುತ್ತದೆ. ಉಳಿದವರು ಕೆಳಗೆ ಸಣ್ಣಕ್ಷರದಲ್ಲಿ. ಸರ್ದಾರಬಿಯ ಸುದ್ದಿಗೆ ಮೂಲ ಎಂದು ಅದು ತೋರಿಸಿದ್ದು 'ಎಡೆದೊರೆ ನೋಟ' ಎಂಬ ಬ್ಲಾಗನ್ನು. ಬರೆದವರ ಹೆಸರಿಲ್ಲದ ಬ್ಲಾಗು. ಅಲ್ಲಿ ಸುದ್ದಿ ಬಂದದ್ದು ಬುಧವಾರ ರಾತ್ರಿ ಒಂಬತ್ತಕ್ಕೆ; ಅರ್ಜುಮಂದ್ ಹಾಕುವುದಕ್ಕಿಂತ ಹನ್ನೊಂದು ತಾಸು ಮೊದಲು. ಆಕೆ ತಕರಾರು ಬರೆದಳು. ಆ್ಯಪಿನವರು ಒಂದು ಫಾರಂ ಕಳಿಸಿದರು. ತುಂಬಿ ಕೊಟ್ಟ ಮೇಲೆ ಬಂದ ಉತ್ತರ ಇನ್ನೂ ಕೆಟ್ಟದ್ದು. ಕಾಲುವೆ ವಾರ್ತೆಯೇ ನಕಲು ಮಾಡಿದಂತೆ ಕಾಣುತ್ತದೆ; ಸೋಮವಾರ ಸಂಜೆ ಐದರೊಳಗೆ ಪುರಾವೆ ಬರದಿದ್ದರೆ ಪತ್ರಿಕೆಯನ್ನು ಶಾಶ್ವತವಾಗಿ ತೆಗೆದುಹಾಕುತ್ತೇವೆ.

ಕಸ್ತೂರೆಮ್ಮ ಆಕೆಯ ಫೋನನ್ನು ಇಸಿದುಕೊಂಡು ಬ್ಲಾಗಿನ ಬರಹ ಓದಿದರು. ಆಮೇಲೆ ಜಾಲತಾಣದ್ದು. ಆಮೇಲೆ ಮೌಲಾಸಾಬ್‌ಗೆ ಹೇಳಿ ಒಳಗಿನಿಂದ ಗುರುವಾರದ ಪತ್ರಿಕೆ ತರಿಸಿ ಅದನ್ನೂ ಓದಿದರು.

"ನೀ ಮುಕ್ಕುಂದಕ್ಕ ಹೋದದ್ದು ಯಾವತ್ತವ್ವ?"

"ಮಂಗಳವಾರ ಮುಂಜಾನೆ."

"ಜಾಲತಾಣದಾಗ ಮಂಗಳವಾರನ ಐತಿ. ಪೇಪರಿನ್ಯಾಗ ಯಾಕ ಬುಧವಾರ ಐತಿ?"

ಅರ್ಜುಮಂದ್ ಮುಜುಗರದಿಂದ ನಕ್ಕಳು. "ಅದು ನಮ್ಮ ಸಂಪಾದಕರ ಚಟ ಅಮ್ಮಾರ. ಅವರ ಪೇಪರಿನ್ಯಾಗ ಎಲ್ಲಾ ನಿನ್ನೆನ ಆಗಿರಬೇಕು. ಮೊನ್ನೆ ಅಂದ್ರ ಹಳಸಿದ್ದು ಅಂತಾರ. ಗುರುವಾರದ ಪೇಪರ್ ಅಂದ್ರ ಬುಧವಾರ ಅಂತ ತಿದ್ದಿಬಿಡತಾರ."

"ಬ್ಲಾಗಿನ್ಯಾಗೂ ಬುಧವಾರನ ಐತಿ. ಬುಧವಾರ ಮಧ್ಯಾಹ್ನ ನಾವು ಮುಕ್ಕುಂದಕ್ಕ ಹೋದಾಗ, ಅಂತ," ಎಂದರು ಕಸ್ತೂರೆಮ್ಮ. ಸೀರೆ ಬದಲಿಸಲು ಒಳಗೆ ಹೋದರು. ಮೌಲಾಸಾಬ್ ಚಪ್ಪಲಿ ಹುಡುಕಿಕೊಂಡ.

*

ಸಿಂಧನೂರಿನ ಮುದ್ರಣಾಲಯದಲ್ಲಿ ಸಂಪಾದಕ ಗೋಪಣ್ಣ ಅವರನ್ನು ಕೂಡಿಸಿ, ಕಳ್ಳ ಯಾರೆಂದು ತನಗೆ ಆಗಲೇ ಗೊತ್ತು ಎಂದ. ಪುಟ ಕಟ್ಟುವ ನಾಸೀರನನ್ನು ಶುಕ್ರವಾರವೇ ಮನೆಗೆ ಕಳಿಸಿದ್ದನಂತೆ. ಒಂಬತ್ತು ವರ್ಷ ಕೆಲಸ ಮಾಡಿದವನು.

"ಲೆಕ್ಕ ಸರಳ ಐತ್ರಿ ಅಮ್ಮಾರ," ಎಂದ ಗೋಪಣ್ಣ. "ಗುರುವಾರ ಮುಂಜಾನೆ ಪೇಪರ್ ಹೊರಗ ಬೀಳೂತನಕ ಆ ಸುದ್ದಿ ಮೂರು ಮಂದಿಗೆ ಗೊತ್ತು. ನನಗ, ಈ ಹುಡುಗೀಗೆ, ನಾಸೀರಗ. ನಾ ಹೇಳಿಲ್ಲ, ಈಕಿ ಹೇಳಿಲ್ಲ. ಉಳದಾಂವ ಯಾರು?"

"ಉಳದಾಂವನ್ನ ಕರಸ್ರಿ. ಅವನ ಬಾಯಿಲೆ ಕೇಳೋಣು."

ನಾಸೀರ್ ಬಂದು ಬಾಗಿಲ ಹತ್ತಿರವೇ ನಿಂತ. ತಾನು ಕದ್ದಿಲ್ಲ ಎಂದು ಕೂಡ ಹೇಳಲಿಲ್ಲ. ಅದನ್ನು ಹೇಳಬೇಕಾಗಿ ಬಂದದ್ದೇ ಅವನಿಗೆ ಸಂಕಟವಾಗಿತ್ತು. ಕಸ್ತೂರೆಮ್ಮ ಕಳವಿನ ಮಾತೇ ತೆಗೆಯದೆ, ಬುಧವಾರ ಮುದ್ರಣ ಹೇಗೆ ನಡೆಯಿತು ಎಂದು ಕೇಳಿದರು. ಕೆಲಸದ ಮಾತು ಬಂದಾಗ ಅವನ ನಾಲಿಗೆ ಬಿಚ್ಚಿತು. ತಲೆಬರಹವನ್ನು ಗೋಪಣ್ಣ ನೆನಪಿನ ಮೇಲೆ ಫೋನಿನಲ್ಲಿ ಹೇಳಿದ್ದ: 'ಮುಕ್ಕುಂದದಲ್ಲಿ ಹನ್ನೊಂದು ಹಳೆಯ ಭತ್ತ'. ಅದಕ್ಕೆ ತಕ್ಕಂತೆ ಒಳಗಿನ ಸಾಲನ್ನೂ ಹನ್ನೊಂದು ಮಾಡಿ ಯಂತ್ರಕ್ಕೆ ಏರಿಸಿದರು. ನೂರೈವತ್ತು ಪ್ರತಿ ಆದ ಮೇಲೆ ನಾಸೀರನಿಗೆ ಅನುಮಾನ ಬಂದು ಅರ್ಜುಮಂದ್ ಬರೆದುಕೊಟ್ಟದ್ದನ್ನು ತೆಗೆದು ನೋಡಿದ. ಹದಿಮೂರು ಎಂದಿತ್ತು. ಯಂತ್ರ ನಿಲ್ಲಿಸಿ ಪುಟದ ಅಚ್ಚಿನ ಹೊಸ ಪ್ಲೇಟು ಮಾಡಿದ. ಗೋಪಣ್ಣನಿಂದ ಬೈಗುಳವನ್ನೂ ತಿಂದ.

"ಮೊದಲಿನ ನೂರೈವತ್ತು ಏನು ಮಾಡಿದಿ?"

"ಲಿಂಗಸುಗೂರಿನ ಬಂಡಲ್ ಕಟ್ಟಿದ್ವಿರಿ. ಆ ಬಸ್ಸು ಎಲ್ಲಾಕಿಂತ ಮೊದಲು ಬಿಡತೈತಿ. ಹಟ್ಟಿ ಪ್ರತೀನೂ ಅದರಾಗ ಹೋಗತಾವು. ಮಸ್ಕಿದು, ಸಿಂಧನೂರಿಂದು ಎಲ್ಲಾ ಆಮ್ಯಾಲಿನವು."

ಕಸ್ತೂರೆಮ್ಮ ಆ ಹಳೆಯ ಪ್ಲೇಟನ್ನು ತರಿಸಿ, ಕನ್ನಡಕ ಏರಿಸಿ, ಬೆಳಕಿಗೆ ಹಿಡಿದು ನೋಡಿದರು. ಬಸ್ಸಿನಲ್ಲಿ ವಾಪಸು ಬರುವಾಗ ಮೌಲಾಸಾಬ್ ತಡೆಯಲಾರದೆ, ನಾಸೀರ್ ಕಳ್ಳನ ಹಾಗೆ ಕಾಣುವುದಿಲ್ಲವಲ್ಲ ಎಂದ. ಕಾಣುವುದು ಬಿಡು, ಕಳ್ಳ ಎಷ್ಟು ಎಣಿಸಿದ್ದಾನೆ ಎಂಬುದನ್ನು ನೋಡು ಎಂದು ಅವರು ಫೋನಿನಲ್ಲಿ ಬ್ಲಾಗನ್ನು ತೆಗೆದು ಕೊಟ್ಟರು. 'ಹನ್ನೊಂದು ಅಪರೂಪದ ಭತ್ತದ ತಳಿಗಳು' ಎಂದಿತ್ತು. ಮೌಲಾಸಾಬ್ ಎರಡು ಸಲ ಓದಿ ಫೋನ್ ವಾಪಸು ಕೊಟ್ಟ. ಏನೋ ಹೊಳೆದಂತಾಗಿ ಮತ್ತೆ ಜಾರಿತು.

*

ಸರ್ದಾರಬಿ ಮುಕ್ಕುಂದದಲ್ಲಿ ಇರಲಿಲ್ಲ. ಸೊಸೆ ಫೋನಿನಲ್ಲಿ, ಅತ್ತೆ ಹಟ್ಟಿಗೆ ಮಗಳ ಹತ್ತಿರ ಹೋಗಿದ್ದಾರೆ ಎಂದಳು. ಭಾನುವಾರ ಅರ್ಜುಮಂದಳೂ ಸೇರಿ ಮೂವರು ಹಟ್ಟಿಗೆ ಹೋದರು. ಅಳಿಯ ಚಿನ್ನದ ಗಣಿಯಲ್ಲಿ ಪಾಳಿ ಕೆಲಸದವನು. ಕಂಪನಿ ಮನೆಯ ಸಣ್ಣ ಪಡಸಾಲೆಯಲ್ಲಿ ಸರ್ದಾರಬಿ ಹಸುಗೂಸನ್ನು ತೊಡೆಯ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದಳು.

ಬುಧವಾರ ಮುಕ್ಕುಂದಕ್ಕೆ ಯಾರಾದರೂ ಬಂದಿದ್ದರೇ ಎಂದು ಕಸ್ತೂರೆಮ್ಮ ಕೇಳಿದ್ದಕ್ಕೆ ಆಕೆ ಕೂಸಿನ ಕಡೆ ಕೈ ತೋರಿಸಿದಳು.

"ಬುಧವಾರ ನಾ ಎಲ್ಲಿದ್ದೆ ಅಂತ ಇವನ್ನ ಕೇಳ್ರಿ. ಮಂಗಳವಾರ ಮಗಳಿಗೆ ಬ್ಯಾನಿ ಹತ್ತ್ಯಾವು ಅಂತ ಫೋನ್ ಬಂತು. ಈ ಹುಡುಗಿ ಮುಂಜಾನೆ ಬಂದು ಹೋಗಿದ್ಲು, ನಾ ಸಂಜಿ ಬಸ್ಸಿಗೆ ಬಂದೆ. ಬುಧವಾರ ಹಗಲು ಹುಟ್ಯಾನ, ನನ್ನ ಕೈಯಾಗ."

"ಗಡಿಗಿ ಬ್ಯಾರೆ ಯಾರಿಗಾದರೂ ತೋರಿಸಿದ್ದಿರೇನು?"

"ಸೊಸೀಗೂ ತೋರಿಸಿಲ್ರಿ. ಈಕಿ ಎರಡು ತಿಂಗಳು ಜೀವ ತಿಂದ್ಲು, ಅದಕ್ಕ ತೋರಿಸಿದೆ." ಸರ್ದಾರಬಿ ಅರ್ಜುಮಂದಳನ್ನು ನೋಡಿ ಗದರುವಂತೆ ನಕ್ಕಳು. "ಹನ್ನೊಂದು ಅಂತ ಯಾರೋ ಬರದಾರಂತಲ್ಲ. ನನ್ನ ಎರಡು ಗಡಿಗಿ ಯಾರು ತಿಂದ್ರು?"

ಹಿಂದಿರುಗುವ ದಾರಿಯಲ್ಲಿ ಲಿಂಗಸುಗೂರಿನಲ್ಲಿ ಇಳಿದರು. ನಿಲ್ದಾಣದ ಪಕ್ಕದಲ್ಲೇ ವೀರೇಂದ್ರನ ಝೆರಾಕ್ಸ್ ಅಂಗಡಿ. ಕಾಲುವೆ ವಾರ್ತೆಯ ಲಿಂಗಸುಗೂರು ಏಜೆಂಟನೂ ಅವನೇ, ಆಗೀಗ ಸುದ್ದಿ ಕಳಿಸುವವನೂ ಅವನೇ. ಅರ್ಜುಮಂದಳನ್ನು ಕಂಡು ಎದ್ದು ಕುರ್ಚಿ ಕೊಟ್ಟ, ಚಹಾ ತರಿಸಿದ, ಹೀಗಾಗಬಾರದಿತ್ತು ಎಂದು ಮರುಗಿದ. ಬ್ಲಾಗಿನವರು ತಾರೀಖನ್ನು ಹಿಂದಕ್ಕೆ ಹಾಕಿರಬಹುದು ಅಥವಾ ಮುದ್ರಣಾಲಯದವರೇ ಯಾರೋ ಕೊಟ್ಟಿರಬಹುದು ಎಂದ.

ಅವನು ಮಾತಾಡುವಾಗ ಮೌಲಾಸಾಬ್‌ನ ಕಣ್ಣು ಅಂಗಡಿಯನ್ನೆಲ್ಲ ಸುತ್ತಿತು. ಮೇಜಿನ ಕೆಳಗೆ ಒಂದು ದಪ್ಪ ನೋಟ್‌ಬುಕ್ಕು ತೆರೆದು ಬಿದ್ದಿತ್ತು. ಪತ್ರಿಕೆಯಿಂದ ಕತ್ತರಿಸಿದ ಸುದ್ದಿಗಳನ್ನು ಸಾಲಾಗಿ ಅಂಟಿಸಿ, ಪ್ರತಿಯೊಂದರ ಕೆಳಗೆ ನೀಲಿ ಮಸಿಯಲ್ಲಿ 'ವೀರೇಂದ್ರ' ಎಂದು ಬರೆದಿತ್ತು. ಅಚ್ಚಿನಲ್ಲಿ ಮಾತ್ರ ಎಲ್ಲದರ ಮೇಲೂ 'ನಮ್ಮ ವರದಿಗಾರರಿಂದ' ಎಂದೇ ಇತ್ತು. ಗೋಡೆಯ ತಂತಿಗೆ, ಪತ್ರಿಕೆಯ ಕಟ್ಟಿನ ಜೊತೆ ಬರುವ ಬಸ್ಸಿನ ಲಗೇಜು ಚೀಟಿಗಳನ್ನು ಚುಚ್ಚಿಡಲಾಗಿತ್ತು.

"ಬಂಡಲ್ ಯಾವಾಗ ಬಿಚ್ಚತೀಪಾ?" ಎಂದು ಕಸ್ತೂರೆಮ್ಮ ಕೇಳಿದರು.

"ಮುಂಜಾನೆ ಆರಕ್ಕರಿ. ಹಂಚಾವ್ರು ಬರತಾರ, ಅವರ ಮುಂದನ ಬಿಚ್ಚತೀನಿ."

"ಗುರುವಾರದ ಪೇಪರಿಂದು ಚೀಟಿ ಐತೇನು? ಒಂದು ಝೆರಾಕ್ಸ್ ಮಾಡಿ ಕೊಡು. ಪೇಪರ್ ಇಲ್ಲೀತನಕ ಬಂದಿತ್ತು ಅಂತ ಆ್ಯಪಿನವರಿಗೆ ತೋರಸಾಕ ಬೇಕು."

ಅವನು ಸಂತೋಷದಿಂದಲೇ ಹುಡುಕಿ, ಪ್ರತಿ ಮಾಡಿಕೊಟ್ಟ. ಮರುದಿನ ಮಸ್ಕಿಗೆ ಬಂದು ಸಾಕ್ಷಿಯಾಗಿ ನಾಲ್ಕು ಮಾತು ಹೇಳುತ್ತೀಯಾ ಎಂದು ಕೇಳಿದ್ದಕ್ಕೆ ಅದಕ್ಕೂ ಒಪ್ಪಿದ.

*

ಸೋಮವಾರ ಹತ್ತಕ್ಕೆ ಎಲ್ಲರೂ ಕಸ್ತೂರೆಮ್ಮನವರ ಪಡಸಾಲೆಯಲ್ಲಿ ಸೇರಿದರು. ಗೋಪಣ್ಣ ಕುರ್ಚಿಯ ಮೇಲೆ, ನಾಸೀರ್ ಕಂಬಕ್ಕೆ ಆನಿಕೊಂಡು, ವೀರೇಂದ್ರ ಚಾಪೆಯ ಮೇಲೆ. ಅರ್ಜುಮಂದ್ ಗೋಡೆಯ ಗಡಿಯಾರದ ಎದುರಿಗೆ. ಮೌಲಾಸಾಬ್ ಹೊಸ್ತಿಲ ಮೇಲೆ, ತನ್ನ ಎಂದಿನ ಜಾಗದಲ್ಲಿ.

"ಮೊದಲು ನಾಸೀರನ ಮಾತು ಮುಗಸ್ತೀನಿ," ಎಂದರು ಕಸ್ತೂರೆಮ್ಮ. "ಬ್ಲಾಗಿನ್ಯಾಗ ಹನ್ನೊಂದು ಭತ್ತ ಐತಿ. ಹನ್ನೊಂದು ತಪ್ಪು ಅಂತ ಯಂತ್ರ ನಿಲ್ಲಿಸಿ, ಮಾಲಕರ ಕಡೆ ಬೈಸಿಕೊಂಡು ಹದಿಮೂರು ಮಾಡಿದಾಂವ ನಾಸೀರ್. ಸುದ್ದಿ ಮಾರಾವ ಅವನಾ ಆಗಿದ್ರ, ತಾನ ತಿದ್ದಿದ ತಪ್ಪು ಯಾಕ ಕೊಡತಿದ್ದ?"

ನಾಸೀರ್ ತಲೆ ಎತ್ತಿದ. ಗೋಪಣ್ಣ ತಗ್ಗಿಸಿದ.

ಆಮೇಲೆ ಅವರು ಒಂದೊಂದೇ ಹೆಜ್ಜೆ ಬಿಡಿಸಿದರು. ಬ್ಲಾಗಿನವನು ತಾನು ಬುಧವಾರ ಮಧ್ಯಾಹ್ನ ಮುಕ್ಕುಂದಕ್ಕೆ ಹೋಗಿ ಸರ್ದಾರಬಿಯನ್ನು ಕಂಡೆ ಎಂದು ಬರೆದಿದ್ದಾನೆ. ಆ ಹೊತ್ತಿಗೆ ಸರ್ದಾರಬಿ ಹಟ್ಟಿಯಲ್ಲಿ ಮೊಮ್ಮಗನನ್ನು ಕೈಗೆ ತೆಗೆದುಕೊಳ್ಳುತ್ತಿದ್ದಳು. ಅಂದಮೇಲೆ ಅವನು ಹೋಗಿಯೇ ಇಲ್ಲ. ಹಾಗಾದರೆ ಬುಧವಾರ ಎಂಬ ಮಾತು ಅವನಿಗೆ ಎಲ್ಲಿಂದ ಸಿಕ್ಕಿತು? ಅರ್ಜುಮಂದಳ ಕೈಬರಹದಲ್ಲಿ ಮಂಗಳವಾರ, ಜಾಲತಾಣದಲ್ಲಿ ಮಂಗಳವಾರ. ಗೋಪಣ್ಣನ ಚಟದಿಂದ ಬುಧವಾರ ಆದದ್ದು ಅಚ್ಚಾದ ಪತ್ರಿಕೆಯಲ್ಲಿ ಮಾತ್ರ. ಬ್ಲಾಗು ಹುಟ್ಟಿದ್ದು ಅಚ್ಚಾದ ಪತ್ರಿಕೆಯಿಂದ. ಅದರಲ್ಲೂ ಹನ್ನೊಂದು ಎಂದಿದ್ದ ಪ್ರತಿಯಿಂದ. ಅಂಥ ಪ್ರತಿಗಳೆಲ್ಲ ಒಂದೇ ಕಟ್ಟಿನಲ್ಲಿ ಒಂದೇ ಊರಿಗೆ ಹೋಗಿದ್ದವು.

"ಅದು ಹೆಂಗ ಆಗತೈತ್ರಿ?" ಗೋಪಣ್ಣ ತಡೆದ. "ಬ್ಲಾಗು ಬುಧವಾರದ್ದು. ಪೇಪರ್ ಗುರುವಾರದ್ದು."

"ಇಲ್ಲೇ ನೀವೆಲ್ಲಾ ಎಡವಿದ್ದು," ಎಂದರು ಕಸ್ತೂರೆಮ್ಮ. "ನಾ ಮೂವತ್ತು ವರ್ಷ ಅಂಚಿ ಮುದ್ರಿ ನೋಡೀನಿ. ಪತ್ರದ ಮ್ಯಾಲಿನ ತಾರೀಖು ಬರದಾವ ಹಾಕಿಕೊಂಡದ್ದು. ಅದು ಯಾವಾಗ ಹೊಂಟಿತು ಅನ್ನೂದು ಮುದ್ರಿ ಹೇಳತೈತಿ. ಗೋಪಣ್ಣಾರ, ಗುರುವಾರದ ಪೇಪರ್ ನಿಮ್ಮ ಯಂತ್ರದಿಂದ ಯಾವತ್ತು ಇಳೀತು?"

"ಬುಧವಾರ ಮಧ್ಯಾಹ್ನ," ಎಂದ ಗೋಪಣ್ಣ. ಇಪ್ಪತ್ತೆಂಟು ವರ್ಷದಿಂದ ಅವನು ಮರುದಿನದ ತಾರೀಖು ಹಾಕಿ ಮಧ್ಯಾಹ್ನವೇ ಅಚ್ಚು ಹಾಕಿ ಸಂಜೆಯ ಬಸ್ಸಿಗೆ ಏರಿಸುತ್ತಿದ್ದ. ಹಾಕಿ ಹಾಕಿ, ಅದು ಮರುದಿನವೇ ಹುಟ್ಟುತ್ತದೆ ಎಂದು ತಾನೇ ನಂಬಿಬಿಟ್ಟಿದ್ದ. ಅರ್ಜುಮಂದಳೂ ಅದೇ ನಂಬಿಕೆಯಲ್ಲಿ ಬೆಳೆದವಳು. ಆ್ಯಪಿನವರ ಫಾರಂನಲ್ಲಿ ಪ್ರಕಟವಾದದ್ದು ಯಾವಾಗ ಎಂದು ಕೇಳಿದ ಕಡೆ 'ಗುರುವಾರ' ಎಂದು ತನ್ನ ಕೈಯಿಂದಲೇ ಬರೆದು ತಾನೇ ಸೋತಿದ್ದಳು.

ಕಸ್ತೂರೆಮ್ಮ ಬಸ್ಸಿನ ಚೀಟಿಯ ಪ್ರತಿಯನ್ನು ಎಲ್ಲರಿಗೂ ಕಾಣುವಂತೆ ಹಿಡಿದರು. ಸಿಂಧನೂರಿನಿಂದ ಲಿಂಗಸುಗೂರಿಗೆ ಒಂದು ಲಗೇಜು, ಬುಧವಾರ, ಸಂಜೆ ಐದು ಗಂಟೆ ನಲವತ್ತೆರಡು ನಿಮಿಷ. ಕಂಡಕ್ಟರನ ಯಂತ್ರ ಹಾಕಿದ್ದು.

"ಬ್ಲಾಗಿನ ತಾರೀಖು ಸುಳ್ಳಿರಬಹುದು ಅಂತ ನಿನ್ನೆ ಒಂದು ಮಾತು ಬಂತು. ಅದು ಸುಳ್ಳಲ್ಲ. ಬುಧವಾರ ಒಂಬತ್ತಕ್ಕ ಬರದದ್ದು ಖರೇನ. ಆದರ ಅಷ್ಟೊತ್ತಿಗೆ ಅರ್ಜುಮಂದಳ ಸುದ್ದಿ ಅಚ್ಚಾಗಿ, ಬಸ್ಸು ಹತ್ತಿ, ಲಿಂಗಸುಗೂರಿನ ಒಂದು ಅಂಗಡ್ಯಾಗ ಕುಂತು ಒಂದೂವರೆ ತಾಸಾಗಿತ್ತು. ಆ್ಯಪಿಗೆ ಜಾಲದಾಗಿನದು ಕಾಣತೈತಿ, ಬಸ್ಸಿನ್ಯಾಗಿನ ಕಟ್ಟು ಕಾಣಂಗಿಲ್ಲ. ಹಂಚಾವ್ರು ಬರೂದು ಮುಂಜಾನೆ ಆರಕ್ಕ. ರಾತ್ರಿಯೆಲ್ಲಾ ಆ ಕಟ್ಟು ಇದ್ದದ್ದು ಯಾರ ಕೈಯಾಗ ವೀರೇಂದ್ರ?"

ವೀರೇಂದ್ರ ಚಾಪೆಯ ಅಂಚನ್ನು ಕೀಳುತ್ತಿದ್ದ. ಆಮೇಲೆ, ಕಟ್ಟಿನ ಬದಿಯಿಂದ ಒಂದು ಪ್ರತಿ ಎಳೆದುಕೊಂಡರೆ ಯಾರಿಗೂ ತಿಳಿಯುವುದಿಲ್ಲ ಎಂದ. ಎಡೆದೊರೆ ನೋಟ ತನ್ನದೇ ಎಂದ. ಮಾತು ಅಲ್ಲಿಗೆ ನಿಲ್ಲಲಿಲ್ಲ. ಗೋಪಣ್ಣನ ಕಡೆ ತಿರುಗಿದ.

"ಆರು ವರ್ಷ ಸುದ್ದಿ ಕಳಿಸೀನ್ರಿ ನಿಮಗ. ಒಂದರ ಮ್ಯಾಲರ ನನ್ನ ಹೆಸರು ಹಾಕಿರೇನು? ನಮ್ಮ ವರದಿಗಾರರಿಂದ, ನಮ್ಮ ವರದಿಗಾರರಿಂದ. ಈಕಿ ಬಂದು ತಿಂಗಳಾಗಿದ್ದಿಲ್ಲ, ಹೆಸರು ಬಂತು. ಆ ಆ್ಯಪಿನ್ಯಾಗ ಮೂಲ ಅಂತ ನನ್ನ ಬ್ಲಾಗು ಬಂದಾಗ, ಖರೇ ಹೇಳ್ತೀನಿ, ಊಟ ಸೇರಲಿಲ್ಲ, ಅಷ್ಟು ಖುಷಿ ಆತು."

ಅರ್ಜುಮಂದ್ ಮೊದಲ ಸಲ ಮಾತಾಡಿದಳು. "ನಿಮ್ಮ ಹೆಸರು ಅವರು ನುಂಗಿದ್ರ ಅವರನ್ನ ಕೇಳಬೇಕಿತ್ತು. ನನ್ನ ಹೆಸರು ಯಾಕ ನುಂಗಿದಿರಿ?"

ಕಸ್ತೂರೆಮ್ಮ ವೀರೇಂದ್ರನಿಂದ ಅಲ್ಲೇ, ಎಲ್ಲರ ಎದುರಿಗೇ, ಆ್ಯಪಿನವರಿಗೆ ಬರೆಸಿದರು. ಸುದ್ದಿಯನ್ನು ಬುಧವಾರ ಸಂಜೆ ಅಚ್ಚಾದ ಕಾಲುವೆ ವಾರ್ತೆಯಿಂದ ಎತ್ತಿದ್ದೇನೆ, ಮುಕ್ಕುಂದಕ್ಕೆ ನಾನು ಹೋಗಿಲ್ಲ, ಮೂಲ ಅರ್ಜುಮಂದ್ ಅವರದು. ಬ್ಲಾಗಿನ ನೆತ್ತಿಯ ಮೇಲೂ ಅದನ್ನೇ ಹಾಕಿಸಿದರು. ನಾಸೀರ್, ಗೋಪಣ್ಣ ಮುದ್ರಣಾಲಯದಿಂದ ತಂದಿದ್ದ ಎರಡೂ ಪ್ಲೇಟುಗಳ ಫೋಟೋ ತೆಗೆದ, ಚೀಟಿಯದೂ ತೆಗೆದ. ಅರ್ಜುಮಂದ್ ಎಲ್ಲವನ್ನೂ ಸೇರಿಸಿ ಕಳಿಸಿದಳು. ಗೋಪಣ್ಣ ನಾಸೀರನ ಹತ್ತಿರ ಹೋಗಿ ನಿಂತು, ನಾಳೆ ಬೇಗ ಬಾ ಎಂದ. ಕಸ್ತೂರೆಮ್ಮ ಕೆಮ್ಮಿದರು. ಗೋಪಣ್ಣ, "ತಪ್ಪಾತು ನಾಸೀರ," ಎಂದ. ಇನ್ನು ಮುಂದೆ ಸುದ್ದಿ ಕಳಿಸಿದವರ ಹೆಸರಿಲ್ಲದೆ ಒಂದು ಸಾಲೂ ಅಚ್ಚು ಹಾಕುವುದಿಲ್ಲ ಎಂದು ಕೇಳದೆಯೇ ಮಾತು ಕೊಟ್ಟ.

ಎಲ್ಲರೂ ಹೋದರು. ಅರ್ಜುಮಂದ್ ಹೋಗಲಿಲ್ಲ. ಊಟ ಬಡಿಸಿದರೆ ಎರಡು ತುತ್ತು ತಿಂದು ಕೈ ತೊಳೆದಳು. ನಾಲ್ಕೂವರೆ ಆಗುತ್ತಿದ್ದಂತೆ ಫೋನ್ ಬಂತು. ಆ ಕಡೆ ಸುದ್ದಿಸಂತೆಯ ಒಬ್ಬ ಹೆಣ್ಣುಮಗಳು. ಪುರಾವೆಗಳನ್ನು ನೋಡಿದ್ದೇವೆ, ತಪ್ಪು ನಮ್ಮದು, ಅಚ್ಚಿನ ಪತ್ರಿಕೆ ಯಾವಾಗ ಹೊರಟಿತು ಎಂದು ಕೇಳುವುದನ್ನು ನಾವೂ ಕಲಿಯಬೇಕು ಎಂದಳಂತೆ. ಮೂಲ ವರದಿಯ ಜಾಗದಲ್ಲಿ ಏನೆಂದು ಬರೆಯಬೇಕು, ಪತ್ರಿಕೆಯ ಹೆಸರಷ್ಟೇ ಸಾಕೇ ಎಂದು ಕೇಳಿದಳು.

"ಕಾಲುವೆ ವಾರ್ತೆ ಅಂತ ಬರೀರಿ. ಆಮ್ಯಾಲೆ ಅರ್ಜುಮಂದ್ ಅಂತ ಬರೀರಿ," ಎಂದಳು ಅರ್ಜುಮಂದ್. ಮತ್ತೆ, "ಮುಂದ ಸಿಂಧನೂರು ಅಂತ ಹಾಕ್ರಿ. ಊರ ಹೆಸರು ಬಿಡಬ್ಯಾಡ್ರಿ," ಎಂದಳು.

ಹತ್ತು ನಿಮಿಷಕ್ಕೆ ಆ್ಯಪಿನಲ್ಲಿ ಆ ಸಾಲು ಬಂತು. ಮೌಲಾಸಾಬ್ ಫೋನನ್ನು ಕೈಯಳತೆ ದೂರ ಹಿಡಿದು, ಪೋಸ್ಟ್‌ಮನ್ ಬಾಗಿಲಲ್ಲಿ ನಿಂತು ಕೂಗುವ ದನಿಯಲ್ಲಿ, ಬೀದಿಗೆಲ್ಲ ಕೇಳುವಂತೆ ಅದನ್ನು ಓದಿದ.